ಹಿತ್ತಿಲ ಬೆಳಕು

ಮನೆಯ ಮುಂಬಾಗಿಲಿಗೆ ದೀಪವಿಡುವವರು ಬಹಳ ಮಂದಿ. ಹಿತ್ತಿಲನ್ನು ನೆನೆಯುವವರು ವಿರಳ. ಇರುಳಿನಲ್ಲಿ ಕೊಟ್ಟಿಗೆಗೂ ಬಾವಿಕಟ್ಟೆಗೂ ನಡೆಯಬೇಕಾದ ಮನೆಯೊಡತಿಗೆ ಹಾವು ಹುಳುಗಳ ಭಯವಿರುವುದು ಅಲ್ಲಿಯೇ.

ಈ ಕೊರತೆಯನ್ನು ನೀಗಲು ಹೆಚ್ಚು ಹಣ ಬೇಕಿಲ್ಲ. ಗಾಜಿನ ಲೋಟದ ಅರ್ಧದವರೆಗೆ ನೀರು ತುಂಬಿ, ಮೇಲೆ 2 ಬೆರಳೆತ್ತರ ಹೊಂಗೆಯೆಣ್ಣೆಯನ್ನು ಹೊಯ್ಯಬೇಕು. ಎಣ್ಣೆ ನೀರಿಗಿಂತ ಹಗುರವಾದುದರಿಂದ ಮೇಲೆಯೇ ನಿಲ್ಲುವುದು. ಬೆಂಡಿನ ಬಿಲ್ಲೆಗೆ ತಗಡು ಹೊದಿಸಿ, ನಡುವೆ ರಂಧ್ರ ಕೊರೆದು, ಹತ್ತಿಯ ಬತ್ತಿಯನ್ನು ತೂರಿಸಿ ತೇಲಬಿಡಬೇಕು. ಬತ್ತಿಯ ಬಾಲ ನೀರಿಗೆ ತಾಗದಷ್ಟು ಗಿಡ್ಡವಾಗಿರಲಿ. ಹೊಂಗೆಯೆಣ್ಣೆ ಮಂದವಾದುದು, ಬತ್ತಿಯಲ್ಲಿ ಬಹಳ ಎತ್ತರಕ್ಕೆ ಏರಲಾರದು. ತೇಲುವ ಬತ್ತಿಯಲ್ಲಾದರೋ ಜ್ವಾಲೆ ಸದಾ ಎಣ್ಣೆಯ ಸಮೀಪದಲ್ಲಿರುವುದು. ಎಣ್ಣೆ ತೀರುತ್ತಲೇ ಬತ್ತಿ ನೀರನ್ನು ಮುಟ್ಟಿ, ದೀಪ ತಾನಾಗಿ ನಂದುವುದು.

ಗಾಳಿಗೆ ಮರೆಯಾಗಿ ಹಳೆಯ ತಗಡಿನ ಡಬ್ಬಿ ಸಾಕು. ಒದ್ದೆ ಮರಳನ್ನು ಗಿಡಿದು ಮೊಳೆಯಿಂದ ತೂತು ಹೊಡೆದರೆ ಡಬ್ಬಿ ನೆಗ್ಗದು. ಮರಳನ್ನು ಸುರಿದು ಲೋಟವನ್ನು ಒಳಗಿಟ್ಟು, ಹುಲ್ಲಿನ ಬಣವೆಯಿಂದ ದೂರವಿರಿಸಬೇಕು. ಹಾದಿಯ ಇಕ್ಕೆಲದ ಕಲ್ಲುಗಳಿಗೆ ಸುಣ್ಣ ಬಳಿದರೆ ಕಿರುಬೆಳಕಿನಲ್ಲಿಯೂ ಹಾದಿ ಕಾಣುವುದು.

ಹಳ್ಳಿಯೊಂದರಲ್ಲಿ ಕಣ್ಣು ಮಂಜಾದ ವೃದ್ಧೆಯೊಬ್ಬಳು ಮುಸ್ಸಂಜೆಯ ಬಳಿಕ ಹಿತ್ತಿಲಿಗೆ ಇಳಿಯುವುದನ್ನೇ ಬಿಟ್ಟಿದ್ದಳು. ಹುಟ್ಟಿದಂದಿನಿಂದ ತಾನೇ ಸಾಕಿದ ಕರುವಿಗೆ ರಾತ್ರಿಯ ಮೇವನ್ನು ಅನ್ಯರು ಹಾಕುವುದನ್ನು ಕೇಳಿಸಿಕೊಳ್ಳುತ್ತ ಒಳಗೆ ಕುಳಿತಿರುವುದು ಅವಳಿಗೆ ಕತ್ತಲೆಗಿಂತ ಕಠಿನವಾಗಿತ್ತು. ಶಾಲೆಗೆ ಹೋಗುವ ಮೊಮ್ಮಗ ಇಂಥ 3 ದೀಪಗಳನ್ನು ಮಾಡಿಟ್ಟನು. ಎಣ್ಣೆಗೆ ಬೇಲಿಯ ಹೊಂಗೆಯ ಬೀಜವೇ ಗಾಣಕ್ಕೆ ಹೋಯಿತು. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯುಂಟು. ಆ ಅಜ್ಜಿಗೆ ಮಾತ್ರ ಹಿತ್ತಿಲ ಗಿಡವೇ ದಾರಿ ತೋರಿತು. ಬಿಳಿಯ ಕಲ್ಲುಗಳನ್ನು ಎಣಿಸುತ್ತ ಅವಳೀಗ ಕೊಟ್ಟಿಗೆಗೆ ತಾನೇ ಹೋಗುವಳು.