ಮಾಸ್ತರರ ಹಾಡಿನ ಪೆಟ್ಟಿಗೆ

ರಾಜೂರಿನ ಲೆಕ್ಕದ ಮಾಸ್ತರರು ನಿವೃತ್ತರಾಗಿ ಹದಿನೆಂಟು ವರ್ಷಗಳಾದವು. ಆದರೂ ಊರಿನವರ ಪಾಲಿಗೆ ಅವರು ಇಂದಿಗೂ ಮಾಸ್ತರರೇ. ಲೆಕ್ಕ ತಪ್ಪಿದವನನ್ನು ಅವರು ಹೊಡೆದದ್ದುಂಟು. ತಮ್ಮ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡದ್ದನ್ನು ಮಾತ್ರ ಕಂಡವರಿಲ್ಲ. ಅಂಥ ಮಾಸ್ತರರು ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ತೊಳೆದ ಧೋತರವೊಂದನ್ನು ಹಾಸಿ, ಅದರ ನಡುವೆ ಅಂಗೈಯಗಲದ ಹಾಡಿನ ಪೆಟ್ಟಿಗೆಯನ್ನಿಟ್ಟು, ಪರೀಕ್ಷೆಗೆ ಕುಳಿತ ಹುಡುಗನಂತೆ ಬೆವರುತ್ತಿದ್ದರು.

ಪೆಟ್ಟಿಗೆಯನ್ನು ಬೆಂಗಳೂರಿನ ಮಗ 2012ರಲ್ಲಿ ತಂದುಕೊಟ್ಟಿದ್ದ. ಅದು ಹಾಡುವುದಲ್ಲದೆ ಎದುರಿನವರ ದನಿಯನ್ನೂ ಹಿಡಿದಿಡುತ್ತಿತ್ತು. ಮಾಸ್ತರರ ಹೆಂಡತಿಗೆ ಬೀಸುವ ಪದಗಳೂ ಸೋಬಾನೆಗಳೂ ಲೆಕ್ಕವಿಲ್ಲದಷ್ಟು ಬರುತ್ತಿದ್ದವು. ಒಂದು ದಸರೆಯ ರಜೆಯಲ್ಲಿ ಮಗ ಬಲವಂತ ಮಾಡಿ ಹತ್ತು-ಹನ್ನೆರಡನ್ನು ಹಾಡಿಸಿ ಅದರಲ್ಲಿ ತುಂಬಿಸಿದ. ಆಕೆ ತೀರಿಕೊಂಡು ಈಗ ಆರು ವರ್ಷ. ಆ ಪದಗಳನ್ನು ಬೇರೆ ಕಡೆಗೆ ಇಳಿಸಿಡಬೇಕೆಂಬುದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎಂದಿಗೂ ಇರುತ್ತದೆಂದುಕೊಂಡ ವಸ್ತುವಿಗೆ ಪ್ರತಿ ಯಾರು ಮಾಡುತ್ತಾರೆ?

ಈ ಬೇಸಿಗೆಯಲ್ಲಿ ಪೆಟ್ಟಿಗೆ ಒಮ್ಮೆಲೇ ಮೂಕವಾಯಿತು. ಬೆನ್ನು ಉಬ್ಬಿ, ಹೊದಿಕೆಯ ಅಂಚು ಬಿರಿದುಕೊಂಡಿತು. ಕಂಪ್ಯೂಟರಿಗೆ ತಂತಿ ಜೋಡಿಸಿ ನೋಡಿದ್ದಾಯಿತು; ಕಣ್ಣು ತೆರೆಯಲಿಲ್ಲ. ಗಜೇಂದ್ರಗಡದ ಅಂಗಡಿಗೆ ಒಯ್ದರೆ ಅಲ್ಲಿಯ ತರುಣ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದನ್ನ ಒಗದಬಿಡ್ರಿ ಸರ್, ಹಾಡು ಎಲ್ಲಾ ಫೋನಿನಾಗ ಸಿಗತಾವ" ಎಂದ. ಮಾಸ್ತರರು ಏನನ್ನೂ ಹೇಳದೆ ಪೆಟ್ಟಿಗೆಯನ್ನು ಜೇಬಿಗಿಳಿಸಿ ಬಸ್ಸು ಹತ್ತಿದರು. ಕಿಟಕಿಯಾಚೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಧಾನವಾಗಿ ಕೈ ಬೀಸುತ್ತಿದ್ದವು. ಅಷ್ಟೊಂದು ವಿದ್ಯುತ್ತನ್ನು ಹೆರುವ ಆ ಗುಡ್ಡದ ಮಗ್ಗುಲಲ್ಲೇ ಬೆರಳುದ್ದದ ಒಂದು ಸೆಲ್ಲಿಗೆ ಗತಿಯಿರಲಿಲ್ಲ.

ಸೆಲ್ಲಿನ ವ್ಯವಹಾರ ಮಾಸ್ತರರಿಗೆ ಹೊಸದಾಗಿರಲಿಲ್ಲ. 1950ರಲ್ಲಿ ಧಾರವಾಡದ ಆಕಾಶವಾಣಿ ನಿಲಯ ಆರಂಭವಾದ ಮೇಲೆ ಈ ಸೀಮೆಯ ಕಿವಿಗಳಿಗೆ ಸಂಗೀತದ ರುಚಿ ಮನೆಯಲ್ಲೇ ದೊರೆಯತೊಡಗಿತು. ಯಂತ್ರದಿಂದ ಬಂದ ಹಾಡಿಗೆ ಬದುಕನ್ನೇ ತಿರುಗಿಸುವ ಬಲವುಂಟೆಂಬುದನ್ನು ಗದಗಿನವರಿಗೆ ಹೇಳಬೇಕಾಗಿಲ್ಲ. ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟಾಗ ಅವರಿಗೆ ಹನ್ನೊಂದು ವರ್ಷ. ಮಾಸ್ತರರು ಮನೆ ಬಿಡಲಿಲ್ಲ. ಮೊದಲ ವರ್ಷದ ಸಂಬಳದಲ್ಲಿ ಒಂದು ಟ್ರಾನ್ಸಿಸ್ಟರ್ ಕೊಂಡರು. ತಿಂಗಳ ಕೊನೆಗೆ ದನಿ ಕುಗ್ಗಿದಾಗ ಅದರ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಹಪ್ಪಳದ ಸಾಲಿನಲ್ಲಿ ಬಿಸಿಲಿಗಿಡುವರು. ಬಿಸಿಲು ಕುಡಿದ ಸೆಲ್ಲು ಮತ್ತೆರಡು ದಿನ ಗೊಣಗುತ್ತಿತ್ತು. ಮರೆತು ಒಳಗೇ ಬಿಟ್ಟರೆ ಮಾತ್ರ ಅದು ಒಸರಿ ರೇಡಿಯೋದ ಹೊಟ್ಟೆಯನ್ನು ಕೊರೆದುಬಿಡುವುದು. ಆ ಸೆಲ್ಲಿನ ಸತುವಿನ ಕವಚವೇ ವಿದ್ಯುತ್ತಿಗಾಗಿ ಸವೆಯುವಂಥದು. ತಾನು ನಿಂತ ಗೋಡೆಯನ್ನು ತಾನೇ ತಿನ್ನುವ ಬಾಡಿಗೆದಾರನಂತೆ.

ಆದರೆ ಆ ರೇಡಿಯೋಕ್ಕೆ ಒಂದು ಮುಚ್ಚಳವಿತ್ತು. ಉಗುರಿನಿಂದ ಎಬ್ಬಿಸಿದರೆ ತೆರೆಯುತ್ತಿತ್ತು. ಒಳಗೆ ಧನ, ಋಣದ ಗುರುತುಗಳಿದ್ದವು. ಮೂರನೆಯ ಇಯತ್ತೆಯ ಹುಡುಗನೂ ಸೆಲ್ಲು ಬದಲಿಸುತ್ತಿದ್ದ. ಈ ಹೊಸ ಪೆಟ್ಟಿಗೆಗೆ ಮುಚ್ಚಳವಿಲ್ಲ, ಮೊಳೆಯಿಲ್ಲ, ಎಲ್ಲವೂ ಅಂಟು. ಕಾಸು ಕೊಟ್ಟು ಕೊಂಡವನ ಮೇಲೆ ಮಾಡಿದವನಿಗೆ ಇಷ್ಟು ಅಪನಂಬಿಕೆ ಏಕೋ ತಿಳಿಯದು.

ಗದಗಿನಲ್ಲಿ ಡಿಪ್ಲೊಮಾ ಓದುತ್ತಿದ್ದ ಮಗಳ ಮಗಳು ರಜೆಗೆ ಬಂದವಳು ಧೈರ್ಯ ಹೇಳಿದಳು. ಹಾಡುಗಳಿರುವುದು ಸೆಲ್ಲಿನಲ್ಲಲ್ಲ, ಬೇರೊಂದು ಚೂರಿನಲ್ಲಿ. ಅಲ್ಲಿ ವಿದ್ಯುತ್ಕಣಗಳು ತೆಳುವಾದ ಪೊರೆಯೊಂದರ ಹಿಂದೆ ಸಿಕ್ಕಿಕೊಂಡು, ಸೆಲ್ಲು ಸತ್ತರೂ ವರ್ಷಗಟ್ಟಲೆ ಉಳಿಯುತ್ತವೆ. "ಹಂಗಾದ್ರ ಯಾವತ್ತೂ ಇರತಾವೇನವಾ?" ಎಂದು ಮಾಸ್ತರರು ಕೇಳಿದರು. ಹುಡುಗಿ ಸುಳ್ಳು ಹೇಳಲಿಲ್ಲ. "ಇಲ್ಲಜ್ಜಾ, ಸಣ್ಣಕ ಸೋರಿ ಹೋಗತಾವ. ಭಾಳ ದಿನಾ ಬಿಡಬಾರದು."

ಅಂದೇ ಕೆಲಸ ನಿಶ್ಚಯವಾಯಿತು. ಅವಧಿ ಮುಗಿದ ಬ್ಯಾಂಕ್ ಕಾರ್ಡಿನ ಅಂಚಿನಿಂದ ಬಿರುಕನ್ನು ಸವರಿ ಹೊದಿಕೆಯನ್ನು ಬಿಡಿಸಿದಾಗ ಒಳಗೆ ಬೆಳ್ಳಿಯ ಬಣ್ಣದ ದಿಂಬೊಂದು ಊದಿಕೊಂಡು ಕುಳಿತಿತ್ತು. ಇದು ಲಿಥಿಯಂ ಜಾತಿಯದು. ವಯಸ್ಸಾದಂತೆ ಒಳಗಿನ ದ್ರವ ಒಡೆದು ಅನಿಲವಾಗಿ ಚೀಲವನ್ನು ಉಬ್ಬಿಸುತ್ತದೆ. ಮೊನೆ ತಾಗಿ ತೂತಾದರೆ ಹೊತ್ತಿಕೊಳ್ಳುವ ಅಪಾಯವೂ ಉಂಟು. ಆದುದರಿಂದ ಮಗ್ಗುಲಲ್ಲಿ ಮರಳು ತುಂಬಿದ ಡಬ್ಬಿಯೊಂದು ಮೊದಲೇ ಸಿದ್ಧವಾಗಿತ್ತು.

ಮಾಸ್ತರರು ಶಾಲೆಯ ಅಳತೆಪಟ್ಟಿಯನ್ನಿಟ್ಟು ದಪ್ಪ ನೋಡಿದರು: ಏಳು ಮಿಲಿಮೀಟರು. ಸೆಲ್ಲಿನ ಮೈಮೇಲೆ ಮಾತ್ರ 402030 ಎಂದು ಅಚ್ಚಾಗಿತ್ತು. ನಾಲ್ಕು ಲಕ್ಷದ ಎರಡು ಸಾವಿರದ ಮೂವತ್ತು ಎಂದು ಓದಿ ಅವರು ಬಹಳ ಹೊತ್ತು ಅದರ ಅರ್ಥವನ್ನು ಹುಡುಕಿದರು. ಅದು ಒಂದು ಸಂಖ್ಯೆಯೇ ಅಲ್ಲ, ಮೂರು: ದಪ್ಪ 4.0, ಅಗಲ 20, ಉದ್ದ 30 ಮಿಲಿಮೀಟರು. ಮೊಮ್ಮಗಳು ಬಿಡಿಸಿ ಹೇಳಿದಾಗ ಮಾಸ್ತರರು ತಮ್ಮ ಲೆಕ್ಕ ತಪ್ಪಿತೆಂದು ಪ್ರಥಮ ಬಾರಿಗೆ ಒಪ್ಪಿಕೊಂಡರು. ಅದೇ ಅಳತೆಯ, 3.7 ವೋಲ್ಟಿನ ಹೊಸ ಸೆಲ್ಲು ಹುಬ್ಬಳ್ಳಿಯಿಂದ ಬರಲು ಎಂಟು ದಿನ ಹಿಡಿಯಿತು.

ಹಳೆಯದನ್ನು ಅಂಟಿನಿಂದ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಮೀಟುವಂತಿಲ್ಲ, ಚುಚ್ಚುವಂತಿಲ್ಲ, ಕಾಯಿಸುವಂತಿಲ್ಲ. ಕೊನೆಗೆ ಗಜೇಂದ್ರಗಡದ ನೇಕಾರ ಮಿತ್ರರಿಂದ ತಂದ ಗಟ್ಟಿ ಎಳೆಯೊಂದನ್ನು ಸೆಲ್ಲಿನ ಕೆಳಗೆ ತೂರಿಸಿ, ಅಜ್ಜ ಒಂದು ತುದಿ, ಮೊಮ್ಮಗಳು ಒಂದು ತುದಿ ಹಿಡಿದು ಗರಗಸದಂತೆ ಮೆಲ್ಲಗೆ ಎಳೆದರು. ಅಂಟು ಕೂದಲಿನಷ್ಟು ಕೂದಲಿನಷ್ಟು ಬಿಟ್ಟುಕೊಟ್ಟಿತು. ಮಾಸ್ತರರು ಕತ್ತರಿ ಎತ್ತಿದಾಗ ಹುಡುಗಿ ಕೈ ಹಿಡಿದಳು. "ಅಜ್ಜಾ, ಎರಡೂ ವಾಯರು ಕೂಡೇ ಕತ್ತರಿಸಬ್ಯಾಡ! ಕತ್ತರಿ ಕಬ್ಬಿಣದ್ದು, ಎರಡೂ ಕೂಡಿ ಕಿಡಿ ಹಾರತದ." ಒಂದೊಂದಾಗಿ ಕತ್ತರಿಸಿ, ಹಳೆಯ ಸೆಲ್ಲನ್ನು ಮರಳಿಗೆ ಸೇರಿಸಿ, ಕೆಂಪಿಗೆ ಕೆಂಪು, ಕರಿಗೆ ಕರಿ ಬೆಸೆದದ್ದಾಯಿತು. ಮಾಸ್ತರರ ಕೈ ನಡುಗುತ್ತಿದ್ದುದರಿಂದ ಬೆಸುಗೆ ಮೊಮ್ಮಗಳದು. ದೀಪ ಹಿಡಿದದ್ದು ಅವರು.

ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದರು. ಮಾಸ್ತರರು ಕನ್ನಡಕವನ್ನು ತೆಗೆದು ಧೋತರದ ಮೇಲಿಟ್ಟು ಗೋಡೆಗೆ ಒರಗಿಕೊಂಡರು. ಆ ಕೆಲವು ನಿಮಿಷ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ.

ಅಷ್ಟರಲ್ಲಿ ಹುಡುಗಿಗೆ ನೆನಪಾಯಿತು: ಇಂಥ ಸೆಲ್ಲಿನ ತಲೆಗೆ ಪುಟ್ಟ ಕಾವಲು ಹಲಗೆಯೊಂದಿರುತ್ತದೆ, ಕೆಲವೊಮ್ಮೆ ಹೊರಗಿನಿಂದ ವಿದ್ಯುತ್ತು ತಟ್ಟಿ ಎಬ್ಬಿಸುವವರೆಗೆ ಅದು ಬಾಗಿಲು ತೆರೆಯದು. ತಂತಿಯನ್ನು ಗೋಡೆಯ ಪ್ಲಗ್ಗಿಗೆ ಜೋಡಿಸಿದಳು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಮಿನುಗಿತು.

ಮಾಸ್ತರರಿಗೆ ಕೂಡಲೇ ಕೇಳುವ ಆತುರ. ಮೊಮ್ಮಗಳು ಬಿಡಲಿಲ್ಲ, ಮೊದಲು ಎಲ್ಲ ಪದಗಳನ್ನೂ ಕಂಪ್ಯೂಟರಿಗೆ ಇಳಿಸಿ, ಬೆಂಗಳೂರಿನ ಮಾಮನಿಗೊಂದು ಪ್ರತಿ ಕಳಿಸಿದ ಮೇಲೆಯೇ ಗುಂಡಿ ಒತ್ತಿದಳು. ಬೀಸುವ ಪದದ ನಾಲ್ಕನೆಯ ನುಡಿ ಅರ್ಧವಾಗುವಷ್ಟರಲ್ಲಿ ಅಜ್ಜಿಯ ದನಿ ತಟ್ಟನೆ ರಾಗ ಬಿಟ್ಟು, "ಏನ್ರೀ, ಒಲಿ ಮ್ಯಾಲೆ ಹಾಲದಾವ, ನೋಡ್ರೀ" ಎಂದಿತು. ಆಮೇಲೆ ಪಾತ್ರೆಯ ಸಪ್ಪಳ, ಯಾರದೋ ನಗು.

ಮೊಮ್ಮಗಳು ಅಜ್ಜನ ಮುಖ ನೋಡಿದಳು.

"ಆವತ್ತ ಹಾಲು ಉಕ್ಕೇ ಹೋಗಿದ್ದವವಾ" ಎಂದರು ಮಾಸ್ತರರು.