ಬಳಪದ ಕಲ್ಲಿನ ಲೆಕ್ಕ

ಬಿ.ಎ. ಓದುವವಳಿಗೆ ಕಲ್ಲಿನ ರಸಾಯನದ ಗೊಡವೆ ಏಕೆಂದು ವಾಚಕರು ಕೇಳಿಯಾರು. ಇತಿಹಾಸದವರಿಗೆ ಶಾಸನದ ಅಕ್ಷರವಿದೆ, ಭೂಗೋಳದವರಿಗೆ ನಕಾಶೆಯಿದೆ; ಅಕ್ಷರ ಹೊತ್ತ ಕಲ್ಲು ಮಾತ್ರ ಯಾರ ಪಾಲಿಗೂ ಬಂದಂತಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಕಂಡು ಬೆರಗಾಗದವರು ನಮ್ಮ ಕಾಲೇಜಿನಲ್ಲಿ ಯಾರಿದ್ದಾರೆ? ನನಗೆ ಬೆರಗಿನೊಡನೆ ಒಂದು ಪ್ರಶ್ನೆಯೂ ಹುಟ್ಟಿತು: ಈ ಕಲ್ಲು ಯಾವ ಗುಡ್ಡದ್ದು?

ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಬಹುವಾಗಿ ಮೆಚ್ಚಿದ್ದು ಬಳಪದ ಕಲ್ಲನ್ನು. ಟಾಲ್ಕ್, ಕ್ಲೋರೈಟ್ ಎಂಬ ಮೆತ್ತನೆಯ ಖನಿಜಗಳು ಅದರಲ್ಲಿ ಹೆಚ್ಚಾದುದರಿಂದ ಉಳಿ ಹೇಳಿದಂತೆ ಅದು ಕೇಳುತ್ತದೆ. ಹೆಸರೇ ಸೂಚಿಸುವಂತೆ ಪಾಟಿಯ ಮೇಲಿನ ಬಳಪಕ್ಕೂ ಅದಕ್ಕೂ ನಂಟು. ನಮ್ಮ ಮನೆತನದಲ್ಲಿ ಬಳಪ ಹಿಡಿದವರಲ್ಲಿ ನಾನೇ ಮೊದಲಿಗಳು; ಅವ್ವ ಇಂದಿಗೂ ಹೆಬ್ಬೆಟ್ಟು ಒತ್ತುತ್ತಾಳೆ.

ಪ್ರಶ್ನೆಯನ್ನು ಭೂಗೋಳದ ಗುರುಗಳ ಮುಂದಿಟ್ಟೆ. ಕಣ್ಣಿಗೆ ಒಂದೇ ಆಗಿ ತೋರುವ ಎರಡು ಕಲ್ಲುಗಳು ಒಳಗೆ ಬೇರೆಯಾಗಿರಬಹುದೆಂದೂ, ಅದನ್ನರಿಯಲು ಇಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಯಂತ್ರವಿದೆಯೆಂದೂ ಹೇಳಿ ಅವರು ಒಂದು ಇಂಗ್ಲಿಷ್ ಪುಸ್ತಕವನ್ನು ಕೈಗಿತ್ತರು. ಪುಟಕ್ಕೊಂದು ಸಂಜೆ ಹಿಡಿಯಿತು. ಯಂತ್ರವನ್ನು ನಾನಿನ್ನೂ ಕಂಡಿಲ್ಲ. ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಇದೆ. ಆದರೆ ಅದರ ಕೆಲಸ ನನಗೆ ತಿಳಿದಷ್ಟು ಹೀಗಿದೆ.

ಕಲ್ಲನ್ನು ಗಾಜಿಗೆ ಅಂಟಿಸಿ, 0.03 ಮಿಲಿಮೀಟರಿನಷ್ಟು ತೆಳುವಾಗಿ ತೇದು, ಕನ್ನಡಿಯಂತೆ ನಯಮಾಡಿ, ಮೇಲೆ ಇಂಗಾಲದ ಪೊರೆ ಕೊಡುತ್ತಾರೆ. ಸುಮಾರು 15,000 ವೋಲ್ಟಿನ ಒತ್ತಡದಲ್ಲಿ ಓಡುವ ಇಲೆಕ್ಟ್ರಾನುಗಳನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಚುಕ್ಕೆಗೆ ಗುರಿಯಿಡುತ್ತಾರೆ. ಪೆಟ್ಟು ತಿಂದ ಧಾತುಗಳು ಕ್ಷಕಿರಣ ಸೂಸುತ್ತವೆ. ಪ್ರತಿ ಧಾತುವಿಗೂ ತನ್ನದೇ ಕಿರಣವುಂಟೆಂದು ಮೋಸ್ಲಿ 1913ರಲ್ಲಿಯೇ ತೋರಿಸಿದ್ದನು. ಕಬ್ಬಿಣ ಎಷ್ಟು, ಮೆಗ್ನೀಸಿಯಂ ಎಷ್ಟು ಎಂಬುದನ್ನು, ಮೊದಲೇ ಗೊತ್ತಿರುವ ಮಾದರಿಯೊಡನೆ ಕಿರಣವನ್ನು ಹೋಲಿಸಿ ಲೆಕ್ಕ ಹಾಕುತ್ತಾರೆ. ಈ ವಿದ್ಯೆಗೆ ತಳಹದಿ ಹಾಕಿದ ಪ್ರಬಂಧವನ್ನು ಕಾಸ್ಟೆಂಗ್ ಎಂಬ ಫ್ರೆಂಚ್ ವಿಜ್ಞಾನಿ 1951ರಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಿಸಿದಾಗ ಅವನೂ ವಿದ್ಯಾರ್ಥಿಯೇ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕದ ಕೊನೆಯ ಸಾಲು. ಎಲ್ಲವನ್ನೂ ಕೂಡಿದರೆ ನೂರಾಗಬೇಕಷ್ಟೆ? ಟಾಲ್ಕಿನಲ್ಲಿ ಸುಮಾರು 95, ಕ್ಲೋರೈಟಿನಲ್ಲಿ ಸುಮಾರು 88ಕ್ಕೇ ನಿಲ್ಲುತ್ತದೆ. ಯಂತ್ರ ತಪ್ಪಿಲ್ಲ. ಕಲ್ಲಿನ ಹರಳಿನೊಳಗೆ ನೀರಿನ ಅಂಶವಿದೆ. ಜಲಜನಕಕ್ಕೆ ಕಾಣುವಂಥ ಕ್ಷಕಿರಣವಿಲ್ಲ. ಕಾಣದ್ದನ್ನು ಕೊರತೆಯಿಂದಲೇ ಅರಿಯಬೇಕು. ಒಣಗಿದ ಕಲ್ಲಿನಲ್ಲಿ ನೀರಿದೆಯೆಂದು ನಾನು ಹೇಳಿದಾಗ ಅವ್ವ ನಕ್ಕಳು.

ಅಪ್ಪ ನಗಲಿಲ್ಲ. “ಕಲ್ಲಿನ ಲೆಕ್ಕಾ ಕಲತ್ರ ಹೊಟ್ಟಿ ತುಂಬತೈತೇನ?” ಎಂದು ಕೇಳಿದ. ಬಿ.ಎಡ್. ಮುಗಿಸಿ ಮಾಸ್ತರಿಕೆ ಹಿಡಿಯಬೇಕೆಂಬುದು ಅವನ ಆಸೆ. ಸಾಲ ಮಾಡಿ ಓದಿಸಿದವನ ಪ್ರಶ್ನೆಗೆ ಉಡಾಫೆಯ ಉತ್ತರ ಸಲ್ಲದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸದ ಎಂ.ಎ. ಓದಿ, ಅಲ್ಲಿಂದ ಈ ದಾರಿ ಹಿಡಿಯಬೇಕೆಂಬುದು ನನ್ನ ಆಸೆ. “ಒಂದು ವರ್ಷ ಕೊಡಪ್ಪ, ಸೀಟು ಸಿಗದಿದ್ದರೆ ಬಿ.ಎಡ್.” ಎಂದೆ. ಅವನು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಒಂದೇ ಖನಿಜದ ಲೆಕ್ಕದಿಂದ ಗುಡ್ಡದ ಗುರುತು ಹತ್ತುವುದಿಲ್ಲ. ಹಲವು ಖನಿಜಗಳು, ಹಲವು ಗಣಿಗಳ ಕಲ್ಲುಗಳು ಬೇಕು. ಗುಡಿಯ ಕಲ್ಲನ್ನು ಯಾರೂ ಕೆರೆಯಕೂಡದು. ಉದುರಿದ ಚೂರಿಗೂ ಪುರಾತತ್ತ್ವ ಇಲಾಖೆಯ ಅಪ್ಪಣೆ ಬೇಕು. ಆದರೆ ನೋಡಲು ಅಪ್ಪಣೆ ಬೇಡ. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ದಿನವೂ ಬಸ್ಸಿಗೆ ಬರುವ ಗೆಳೆಯರಲ್ಲಿ ನನ್ನದೊಂದು ಬಿನ್ನಹ: ನಿಮ್ಮೂರ ಹಳೆಯ ಗುಡಿಯ ಕಲ್ಲು ಯಾವ ಬಣ್ಣದ್ದು, ಹತ್ತಿರದ ಗುಡ್ಡದಲ್ಲಿ ಅಂಥದಿದೆಯೇ, ಬರೆದುಕೊಂಡು ಬನ್ನಿ. ಯಂತ್ರ ದೂರವಿದ್ದರೇನು, ಕಣ್ಣು ಹತ್ತಿರವೇ ಇದೆ.