ಮೂವತ್ತೆರಡರ ಆಟಗಾರನಿಗೆ ಬೆಲೆ ಎಷ್ಟು?

ನಮ್ಮ ಮನೇಲಿ ಫುಟ್‌ಬಾಲ್ ಆಡೋರು ಯಾರೂ ಇಲ್ಲ. ಆದರೂ ಅಣ್ಣನಿಗೂ ನನಗೂ ಒಂದೊಂದು ಫುಟ್‌ಬಾಲ್ ತಂಡ ಇದೆ! 1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ‘ಹ್ಯಾಟ್ರಿಕ್’ ಎಂಬ ಆನ್‌ಲೈನ್ ಆಟದಲ್ಲಿ ನಾವಿಬ್ಬರೂ ಮ್ಯಾನೇಜರ್‌ಗಳು. ಇಲ್ಲಿ ನಾವೇ ಗೋಲು ಹೊಡೆಯೋಕಾಗಲ್ಲ. ಆಟಗಾರರನ್ನು ಕೊಳ್ಳಬೇಕು, ತರಬೇತಿ ಕೊಡಿಸಬೇಕು, ವಾರವಾರ ಸಂಬಳ ಹೊಂದಿಸಬೇಕು, ಆಮೇಲೆ ಪಂದ್ಯದ ದಿನಕ್ಕೆ ಕಾಯಬೇಕು. ಒಂದು ಸೀಸನ್ ಅಂದರೆ 16 ವಾರ, 14 ಲೀಗ್ ಪಂದ್ಯ. ಆತುರದವರಿಗೆ ಒಗ್ಗುವಂಥದ್ದಲ್ಲ.

ಇದರ ಮಜಾ ಇರೋದು ಹರಾಜಿನಲ್ಲಿ. ಮಾರಾಟಕ್ಕಿಟ್ಟ ಆಟಗಾರ ಮೂರು ದಿನ ಪಟ್ಟಿಯಲ್ಲಿರುತ್ತಾನೆ. ಕೊನೆಯ 3 ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಗಡುವು ಮತ್ತೆ 3 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕೊನೇ ಸೆಕೆಂಡಿನಲ್ಲಿ ನುಗ್ಗಿ ಗೆಲ್ಲೋ ಜಾಣತನ ಇಲ್ಲಿ ನಡೆಯಲ್ಲ. ಪೈಪೋಟಿ ಕಡಿಮೆ ಇರೋ ಹೊತ್ತನ್ನು ಆರಿಸಿಕೊಳ್ಳಬೇಕು, ಅಷ್ಟೆ. ಈ ಆಟ ಆಡುವವರಲ್ಲಿ ಹೆಚ್ಚಿನವರು ಯುರೋಪಿನವರು. ಚಳಿಗಾಲದಲ್ಲಿ ಸ್ವೀಡನ್‌ನಲ್ಲಿ ರಾತ್ರಿ ಮೂರಾದಾಗ ನಮಗೆ ಬೆಳಿಗ್ಗೆ ಏಳೂವರೆ. ಅವರು ಗೊರಕೆ ಹೊಡೀತಿರುವಾಗ ನಾನು ಮೆಟ್ರೊದಲ್ಲಿ ನಿಂತು ಬಿಡ್ ಹಾಕ್ತಿರ್ತೀನಿ. ಅಲ್ಲಿನ ಸಂಜೆ ಮುಗಿಯೋ ಹರಾಜಿಗಿಂತ ಎಷ್ಟೋ ಸಲ ಅಗ್ಗಕ್ಕೆ ಸಿಕ್ಕಿದೆ.

ಎರಡನೇ ಲೆಕ್ಕ ವಯಸ್ಸಿನದು. ಅಲ್ಲಿ ಆಟಗಾರನಿಗೆ 112 ದಿನಕ್ಕೇ ಒಂದು ವರ್ಷ ತುಂಬುತ್ತದೆ. 17 ವರ್ಷ 5 ದಿನದ ಹುಡುಗನಿಗೂ 17 ವರ್ಷ 100 ದಿನದ ಹುಡುಗನಿಗೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ. ಚಿಕ್ಕವರು ಬೇಗ ಕಲಿಯುತ್ತಾರೆ, ನಾಳೆ ಹೆಚ್ಚಿಗೆ ಮಾರಬಹುದು. ಮೂವತ್ತೆರಡರವನು ಅಷ್ಟೇ ಚೆನ್ನಾಗಿ ಆಡಿದರೂ ಜುಜುಬಿ ಬೆಲೆಗೆ ಹೋಗ್ತಾನೆ, ಯಾಕಂದರೆ ಅವನನ್ನು ಮತ್ತೆ ಕೊಳ್ಳೋರಿಲ್ಲ.

ಹಾಗಾಗಿ ನನ್ನ ಲೆಕ್ಕಾಚಾರ ಸರಳ. ಹುಡುಗರನ್ನು ಸೀಸನ್ ಶುರುವಿಗೇ ಕೊಳ್ಳೋದು. ಅಷ್ಟೂ ವಾರದ ತರಬೇತಿ ಸಿಗುತ್ತೆ. ಹಿರಿಯರನ್ನು ಸೀಸನ್ ಕೊನೆಗೆ, ಮೇಲಿನ ಲೀಗ್‌ಗೆ ಏರೋ ಅವಕಾಶ ಹತ್ತಿರ ಬಂದಾಗ ಕೊಳ್ಳೋದು. ಸುಮ್ಮನೆ ಸಂಬಳ ಕಟ್ಟೋದು ತಪ್ಪುತ್ತೆ. ಎಷ್ಟರವರೆಗೆ ಹೋಗಬೇಕು ಅಂತ ಮೊದಲೇ ಚೀಟಿಯಲ್ಲಿ ಬರೆದಿಟ್ಟು, ಅದು ದಾಟಿದರೆ ಫೋನ್ ಕೆಳಗಿಡೋದು.

ಕಳೆದ ವರ್ಷ ಅಣ್ಣನ ಕೆಲಸ ಹೋಯಿತು. ಅವನಿಗೆ ನಲವತ್ತಮೂರು. ಹತ್ತು ಹನ್ನೆರಡು ಕಡೆ ಸಂದರ್ಶನ ಆಯ್ತು. ಎಲ್ಲ ಕಡೆಯೂ ‘ಆಮೇಲೆ ತಿಳಿಸ್ತೀವಿ’ ಅಂದರು. ಒಂದು ರಾತ್ರಿ ಫೋನ್ ಮಾಡಿ ನಗುತ್ತಲೇ ಅಂದ: “ನೋಡೇ, ನಾನೀಗ ಮೂವತ್ತೆರಡರ ಮಿಡ್‌ಫೀಲ್ಡರ್ ಕಣೇ. ಆಟ ಬರುತ್ತೆ, ಮಾರ್ಕೆಟ್ ಇಲ್ಲ.”

ನನಗೆ ನಗು ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ: “ಅಣ್ಣ, ಅಂಥವನನ್ನ ನಾವು ಯಾವಾಗ ಕೊಳ್ತೀವಿ ಹೇಳು? ಇನ್ನೆರಡು ವಾರದಲ್ಲಿ ಗೆಲ್ಲಲೇಬೇಕು ಅನ್ನುವಾಗ ತಾನೇ? ಹಾಗೆ ತುರ್ತಿರೋ ತಂಡ ಹುಡುಕು.”

ಆಮೇಲೆ ಅವನು ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕೋದು ಕಡಿಮೆ ಮಾಡಿದ. ಕೆಲಸ ಅರ್ಧಕ್ಕೆ ನಿಂತು ಒದ್ದಾಡುತ್ತಿದ್ದವರನ್ನು ಹಳೇ ಸಹೋದ್ಯೋಗಿಗಳ ಮೂಲಕ ವಿಚಾರಿಸಿದ. ನಾಲ್ಕು ತಿಂಗಳಿಗೆ ಒಂದು ಸಣ್ಣ ಸಂಸ್ಥೆ ಒಂದು ವರ್ಷದ ಒಪ್ಪಂದದ ಮೇಲೆ ಕರೆಯಿತು. ಸಂಬಳ ಮೊದಲಿಗಿಂತ ಕಡಿಮೆ. ಆದರೆ ನಿಂತಿದ್ದ ಪ್ರಾಜೆಕ್ಟ್ ಈಗ ಓಡುತ್ತಿದೆ, ಅಲ್ಲಿನ ಹುಡುಗರು ಅವನ ಹತ್ತಿರ ಕೇಳಿ ಕಲಿಯುತ್ತಿದ್ದಾರೆ. ಒಪ್ಪಂದ ಮುಗಿಯೋಕೆ ಇನ್ನು ಮೂರೇ ತಿಂಗಳು. ಅತ್ತಿಗೆ ಕ್ಯಾಲೆಂಡರ್ ನೋಡೋದು ಬಿಟ್ಟಿಲ್ಲ.

ಪಟ್ಟಿಯಲ್ಲಿ ಕಾಣೋ ಬೆಲೆ, ಕೊಳ್ಳುವವನ ನಾಳಿನ ಲಾಭದ ಲೆಕ್ಕ. ಇವತ್ತಿನ ಆಟ ಅದರಲ್ಲಿ ಕಾಣಲ್ಲ. ನಿಮ್ಮಲ್ಲಿ ಯಾರಾದರೂ ಕೆಲಸಕ್ಕೆ ಆಳು ಆರಿಸೋ ಕುರ್ಚಿಯಲ್ಲಿ ಕೂತಿದ್ದರೆ, ಹುಟ್ಟಿದ ವರ್ಷ ನೋಡೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವಾರ ನಮ್ಮ ತಂಡಕ್ಕೆ ಬೇಕಿರೋದು ಯಾರು?